ಹದಿನೇಳನೆಯ ಗೂಡು

ಹೊನ್ನೆಕುದ್ರಿನ ದೋಣಿ ಡೀಸೆಲ್ ಕುಡಿಯುವುದನ್ನು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಈಗ ಅದನ್ನು ಓಡಿಸುತ್ತಿದ್ದುದು ಊರಿನ ಮೂವತ್ತೆರಡು ಮನೆಗಳ ಮೇಲೆ ಬೀಳುವ ಬಿಸಿಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಳೆ ಸಮುದ್ರ ಸೇರುವ ಮೊದಲು ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ನಡುವೆ ಉಳಿಯುವ ನೆಲವೇ ಕುದ್ರು. ಹೊನ್ನೆಕುದ್ರಿಗೆ ಸೇತುವೆಯಿಲ್ಲ. ಶಾಲೆ, ಆಸ್ಪತ್ರೆ, ಮೀನು ಪೇಟೆ ಎಲ್ಲವೂ ಆಚೆ ದಡದಲ್ಲಿ. ಬ್ಯಾಟರಿ ದೋಣಿ ಬಂದ ಹೊಸತರಲ್ಲಿ ದೋಣಿ ತಂಗುವ ದಕ್ಕೆಯ ಮೇಲೆ ಒಂದು ಚಾರ್ಜಿಂಗ್ ಶೆಡ್ ಇತ್ತು. ವರ್ಷ ವರ್ಷ ಏರುತ್ತಿದ್ದ ಸಮುದ್ರ ಎರಡು ಮಳೆಗಾಲ ಅದರೊಳಗೆ ಉಪ್ಪುನೀರು ತುಂಬಿಸಿತು. ಮೂರನೆಯ ಸಲ ಶೆಡ್ ಕಟ್ಟುವ ಬದಲು ಊರವರು ದೇವಸ್ಥಾನದ ಜಗುಲಿಯಲ್ಲಿ ಕೂತು ಬೇರೆಯೇ ಒಂದು ಯೋಚನೆ ಮಾಡಿದರು. ದೋಣಿಯ ಬ್ಯಾಟರಿ ಒಂದೇ ಕಡೆ ಇದ್ದರೆ ತಾನೇ ನೀರು ನುಗ್ಗಿ ಹಾಳಾಗುವುದು? ಅದನ್ನು ಬಿಡಿಬಿಡಿ ಮಾಡಿ ಮನೆಮನೆಗೆ ಹಂಚಿಬಿಟ್ಟರೆ?

ಹಾಗೆ ಶುರುವಾದದ್ದು ಇದು. ದೋಣಿಯ ಹೊಟ್ಟೆಯಲ್ಲಿ ಮೂವತ್ತೆರಡು ಗೂಡುಗಳು. ಮನೆಗೊಂದು ಗೂಡು. ಮನೆಗೆ ಒಂದು ಜೋಡಿ ಸೆಲ್ಲು. ದಪ್ಪ ಪುಸ್ತಕದ ಆಕಾರ, ಒಂದೊಂದೂ ಐದೂವರೆ ಕಿಲೋ ತೂಕ. ಇವತ್ತು ಒಂದು ಸೆಲ್ಲು ದೋಣಿಗೆ ಹೋದರೆ ಇನ್ನೊಂದು ಮನೆಯಲ್ಲಿ ಕೂತು ಹೆಂಚಿನ ಮೇಲಿನ ಸೋಲಾರ್ ಹಲಗೆಯಿಂದ ಬಿಸಿಲುಣ್ಣುತ್ತದೆ. ನಾಳೆ ಅದರ ಪಾಳಿ. ಬೆಳಕು ಹರಿಯುವಾಗ ಪ್ರತಿ ಮನೆಯಿಂದ ಒಬ್ಬರು ತುಂಬಿದ ಸೆಲ್ಲನ್ನು ಮಗುವಿನ ಹಾಗೆ ಸೊಂಟದ ಮೇಲಿಟ್ಟುಕೊಂಡು ದಕ್ಕೆಗೆ ಬಂದು ತಮ್ಮ ಗೂಡಿನಲ್ಲಿ ಕೂರಿಸುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನೇ ಬರಿದಾದ ಮೇಲೆ ಒಯ್ಯುತ್ತಾರೆ.

ಈ ಮೂವತ್ತೆರಡನ್ನು ಸಮ ಮಾಡುವ ಕೆಲಸ ತೇಜಪ್ಪ ಮೊಗವೀರನದು. ಹರೆಯದಲ್ಲಿ ಹಡಗಿನ ಇಲೆಕ್ಟ್ರಿಷಿಯನ್ ಆಗಿ ದೇಶ ದೇಶ ಸುತ್ತಿ ಬಂದವನು, ಈಗ ಅರವತ್ತನಾಲ್ಕು. ಮಕ್ಕಳು ಕೇಳಿದರೆ ಅವನು ಹೇಳುತ್ತಿದ್ದುದು ಹೀಗೆ. ಸೆಲ್ಲುಗಳು ಸಾಲಾಗಿ ಕೈ ಹಿಡಿದುಕೊಂಡು ನಿಂತಿವೆ. ಒಂದರ ಕೈಯಿಂದ ಇನ್ನೊಂದರ ಕೈಗೆ ವಿದ್ಯುತ್ತು ದಾಟಬೇಕು. ನಡುವೆ ಒಂದು ಸೋತು ಕೂತರೆ ಉಳಿದ ಮೂವತ್ತೊಂದರಲ್ಲಿ ಎಷ್ಟು ತುಂಬಿದ್ದರೂ ದೋಣಿ ಮುಂದೆ ಹೋಗುವುದಿಲ್ಲ. ನೂರರಲ್ಲಿ ಹತ್ತು ಪಾಲು ಉಳಿದಿರುವಾಗಲೇ ಯಂತ್ರ ತಾನಾಗಿ ನಿಲ್ಲುತ್ತದೆ. ಆ ಹತ್ತಕ್ಕಿಂತ ಕೆಳಗಿಳಿದ ಸೆಲ್ಲು ಮತ್ತೆ ಮೊದಲಿನಂತೆ ಏಳುವುದಿಲ್ಲ. ಹಾಗಾಗದಂತೆ ನೋಡಿಕೊಳ್ಳಲು ಚುಕ್ಕಾಣಿಯ ಪಕ್ಕದಲ್ಲಿ ಒಂದು ಸಮಪೆಟ್ಟಿಗೆ ಇದೆ. ತುಂಬಿದ ಸೆಲ್ಲುಗಳಿಂದ ಚೂರು ಚೂರು ಎತ್ತಿ ಬಡಕಲು ಸೆಲ್ಲಿಗೆ ಹೊಯ್ಯುವುದು ಅದರ ಕೆಲಸ. ಅದರ ಪರದೆಯ ಮೇಲೆ ಕೊಡುವ ಗೂಡಿನಿಂದ ಹಸಿರು ಗೆರೆ ಹೊರಡುತ್ತದೆ, ತೆಗೆದುಕೊಳ್ಳುವ ಗೂಡು ಕೆಂಪಾಗುತ್ತದೆ. ಆದರೆ ಪೆಟ್ಟಿಗೆಯೂ ಎಷ್ಟೆಂದು ಹೊಯ್ದೀತು. ಅದಕ್ಕೇ ತೇಜಪ್ಪ ಒಂದು ಕಟ್ಟಳೆ ಮಾಡಿದ್ದ: ಒಂದು ಮಳೆಗಾಲದಿಂದ ಇನ್ನೊಂದರೊಳಗೆ ಯಾವ ಮನೆಯ ಸೆಲ್ಲು ದೋಣಿಯನ್ನು ಮೂರು ಸಲ ನಿಲ್ಲಿಸುತ್ತದೋ ಆ ಮನೆಯ ಗೂಡಿಗೆ ತಾಮ್ರದ ಪಟ್ಟಿ ಬಿಗಿದು ಮುಚ್ಚಬೇಕು.

ಕಾರ್ತಿಕದ ಒಂದು ಮೋಡದ ಸಂಜೆ, ಹೊಳೆಯ ನಟ್ಟನಡುವೆ, ದೋಣಿ ಮೂರನೆಯ ಸಲ ನಿಂತಿತು.

ತೇಜಪ್ಪ ಅದರಲ್ಲೇ ಇದ್ದ. ಶಾಲೆ ಬಿಟ್ಟು ಬರುವ ಮಕ್ಕಳು, ಮೀನು ಮಾರಿ ಬರಿ ಬುಟ್ಟಿಯೊಂದಿಗೆ ಹೊರಟ ಹೆಂಗಸರು, ಒಟ್ಟು ಮೂವತ್ತು ಜನ. ಇಳಿತದ ಹೊತ್ತು, ನೀರು ದೋಣಿಯನ್ನು ಮೆಲ್ಲಗೆ ಅಳಿವೆಯ ಕಡೆ ಎಳೆಯತೊಡಗಿತು.

“ಹ್ವಾಯ್ ಭೋಜ, ಎಂತಾಯ್ತಾ? ಗಂಗೆಗೆ ಕೈ ಮುಗೂಕೆ ನಿಲ್ಸಿದ್ಯಾ?” ಎಂದಳು ಬುಟ್ಟಿಯ ಮೇಲೆ ಕೂತಿದ್ದ ಬೇಬಕ್ಕ.

“ನಾನ್ ನಿಲ್ಸಿದ್ದಲ್ಲ ಮಾರಾಯ್ತಿ, ಅದೇ ನಿಂತದ್ದ್,” ಎಂದ ಭೋಜ. ಅವನು ದೋಣಿ ನಡೆಸುವ ತಾಂಡೇಲ. ಹೇಳುತ್ತಲೇ ಉದ್ದದ ಗಳ ಎತ್ತಿಕೊಂಡ.

ತೇಜಪ್ಪ ಸಮಪೆಟ್ಟಿಗೆಯ ಮುಂದೆ ಬಗ್ಗಿದ. ಯಾವ ಗೂಡು ಎಂದು ನೋಡುವ ಮೊದಲೇ ಅವನಿಗೆ ಗೊತ್ತಿತ್ತು. ಆದರೂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಎಷ್ಟ್‌ನೇ ಗೂಡ್?” ಎಂದು ಬೇಬಕ್ಕ ಕೇಳಿದಳು.

“ಹದಿನೇಳು.”

ಹದಿನೇಳು ತೇಜಪ್ಪನದೇ ಮನೆ. ಗೂಡಿನ ಮುಚ್ಚಳದ ಮೇಲೆ ಒಂದು ಪುಟ್ಟ ಕೆಂಪು ಏಡಿಯ ಚಿತ್ರವಿತ್ತು. ಅದನ್ನು ಬಿಡಿಸಿದವಳು ಅವನ ಒಬ್ಬಳೇ ಮಗಳು ಶ್ರಾವ್ಯಾ. ಬೆಳಿಗ್ಗೆ ಸೆಲ್ಲು ತಂದು ಕೂರಿಸುತ್ತಿದ್ದವಳೂ, ಅಪ್ಪನ ಪಕ್ಕ ನಿಂತು ಗೆರೆಗಳನ್ನು ಓದುತ್ತಿದ್ದವಳೂ ಅವಳೇ. ಇಪ್ಪತ್ತೆರಡು ವರ್ಷದ ಹುಡುಗಿ, ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹತ್ತು ತಿಂಗಳಾಗಿತ್ತು.

“ಮೂರಾಯ್ತಲ್ಲ,” ಎಂದು ತೇಜಪ್ಪನೇ ಹೇಳಿದ. “ನಾಡಿದ್ದ್ ಮುಚ್ತೆ.”

“ಅಕ್ಕ್, ಮುಚ್ಚಿ,” ಎಂದಳು ಬೇಬಕ್ಕ. “ನಮ್ಮನಿದ್ ಮುಚ್ಚೂಕೆ ನಾಡಿದ್ದಿನ್ ತನ್ಕ ಕಾಯ್ಲಿಲ್ಲ ನೀವ್. ಅವತ್ತೇ ಸ್ಪ್ಯಾನರ್ ತಕಂಡ್ ಬಂದಿರಿ.”

“ಸುಮ್ನಿರ್ ಬೇಬಕ್ಕ,” ಎಂದ ಭೋಜ ಗಳ ಊರುತ್ತ.

“ಎಂತಕ್ಕ್ ಸುಮ್ನಿರೂದ್? ನಾನ್ ಸುಳ್ಳ್ ಹೇಳಿದ್ನಾ?”

ಅವಳು ಸುಳ್ಳು ಹೇಳಿರಲಿಲ್ಲ. ಆರು ವರ್ಷದ ಹಿಂದೆ ಬೇಬಕ್ಕನ ಗಂಡ ಹಾಸಿಗೆ ಹಿಡಿದಾಗ ಅವಳ ಸೆಲ್ಲು ಮೂರು ಸಲ ದೋಣಿ ನಿಲ್ಲಿಸಿತ್ತು. ತೇಜಪ್ಪ ಆ ಸಂಜೆಯೇ ಗೂಡು ಮುಚ್ಚಿದ್ದ. ಅದು ಮತ್ತೆ ತೆರೆಯಲು ಒಂದು ವರ್ಷ ಹಿಡಿದಿತ್ತು. ಕಟ್ಟಳೆ ಎಂದರೆ ಕಟ್ಟಳೆ ಎಂದು ಅವನು ಆಗ ಹೇಳಿದ್ದ.

ಗಳ ಊರಿಕೊಂಡೇ ದೋಣಿ ದಡ ಮುಟ್ಟಿದಾಗ ದಕ್ಕೆಯಲ್ಲಿ ತೇಜಪ್ಪನ ಹೆಂಡತಿ ಗುಲಾಬಿ ಕಾಯುತ್ತಿದ್ದಳು. ಮಗಳು ಹೋದ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಡುತ್ತಿದ್ದುದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಸೆಲ್ಲು ತರುವಾಗ ಮತ್ತು ಸಂಜೆ ಒಯ್ಯುವಾಗ. ಗೂಡಿನ ಮುಂದೆ ಒಂದು ಗಳಿಗೆ ನಿಂತು ಏಡಿಯ ಮೇಲೆ ಬೆರಳಾಡಿಸಿ ಹೋಗುವಳು. ಗೂಡು ಮುಚ್ಚಿದರೆ ಅವಳಿಗೆ ಆ ಎರಡು ನಡಿಗೆಯೂ ಇಲ್ಲ. ತೇಜಪ್ಪನ ಚಿಂತೆ ಅದೇ.

“ತಡ ಆಯ್ತಲ್ಲ,” ಎಂದಳು ಗುಲಾಬಿ.

“ಇಳಿತ ಇತ್ತ್,” ಎಂದ ತೇಜಪ್ಪ.

ಅಷ್ಟೇ. ಹತ್ತು ತಿಂಗಳಿಂದ ಆ ಮನೆಯಲ್ಲಿ ಮಾತೆಂದರೆ ಅಷ್ಟೇ ಇತ್ತು. ಮಗಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವಳಿಗೆ ನೋವಾದೀತೆಂದು ಅವನು, ಅವನಿಗೆ ನೋವಾದೀತೆಂದು ಅವಳು. ತೇಜಪ್ಪ ದೇವರಕೋಣೆಗೆ ಹೋಗುವುದನ್ನೂ ಬಿಟ್ಟಿದ್ದ. ದೇವರ ಮೇಲೆ ಸಿಟ್ಟೆಂದಲ್ಲ. ಮೊದಲೆಲ್ಲ ಸ್ನಾನ ಮಾಡಿ ಬಂದು ಮಗಳನ್ನು ಚೆನ್ನಾಗಿಡು ಎಂದು ಬೇಡಿ ದೀಪ ಹಚ್ಚುತ್ತಿದ್ದವನಿಗೆ ಈಗ ಅಲ್ಲಿ ನಿಂತು ಏನು ಬೇಡಬೇಕೆಂದೇ ತಿಳಿಯುತ್ತಿರಲಿಲ್ಲ. ಹೊಸ್ತಿಲ ಹೊರಗಿಂದ ಕೈ ಮುಗಿಯುವುದೂ ನಿಂತು, ಆ ಬಾಗಿಲ ಕಡೆ ನೋಡದೆಯೇ ನಡೆದು ಹೋಗುವುದು ರೂಢಿಯಾಗಿತ್ತು.

ಮರುದಿನ ಬೆಳಿಗ್ಗೆ ಅವನು ಆಚೆ ದಡದ ನಿಯಂತ್ರಣ ಕೊಠಡಿಗೆ ಹೋದ. ಈ ಹೊಳೆಯ ಮೇಲೆ ಓಡುವ ಹನ್ನೊಂದು ದೋಣಿಗಳ ಎಲ್ಲಾ ಸೆಲ್ಲುಗಳ ನಾಡಿಯನ್ನೂ ಅಲ್ಲಿ ಕೂತು ನೋಡುತ್ತಾರೆ. ಹೊನ್ನೆಕುದ್ರಿನ ದೋಣಿ ಪ್ರೆಸಿಲ್ಲಾ ಕ್ರಾಸ್ತಾ ಎಂಬ ಎಂಜಿನಿಯರ್ ಪಾಲಿಗಿತ್ತು. ಮೂವತ್ತರ ಆಸುಪಾಸಿನ ಹುಡುಗಿ, ಮಾತು ಚುರುಕು.

“ಬನ್ನಿ ತೇಜಪ್ಪಣ್ಣ, ಕೂತ್ಕೊಳ್ಳಿ. ಚಾ ಹೇಳ್ತೇನೆ. ನೀವು ಬರ್ತೀರಿ ಅಂತ ನಂಗೆ ಗೊತ್ತುಂಟು.”

“ಗೂಡು ಮುಚ್ಚೂಕೆ ಕಾಗದ ಬೇಕಲ್ಲ, ಅದಕ್ಕ್ ಬಂದೆ.”

“ಕಾಗದ ಕೊಡುವಾ. ಮೊದ್ಲು ಇದೊಂದು ನೋಡಿ.” ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. “ನಿಮ್ಮ ಮನೆದು ಎರಡು ಸೆಲ್. ಹದಿನೇಳು ಎ, ಹದಿನೇಳು ಬಿ. ಹತ್ತು ತಿಂಗಳಿಂದ ದೋಣಿಗೆ ಬರ್ತಾ ಇರೋದು ಬಿ ಒಂದೇ. ಪ್ರತಿ ದಿನ ಅದೇ. ಅದಕ್ಕೆ ಬಿಸಿಲು ತಿನ್ಲಿಕ್ಕೆ ಹಗಲೇ ಇಲ್ಲ. ರಾತ್ರಿ ಮನೆಯ ಬ್ಯಾಟರಿಯಿಂದ ಎಷ್ಟು ತುಂಬ್ತದೋ ಅಷ್ಟೇ. ಅರವತ್ತು, ಎಪ್ಪತ್ತು. ಈಗ ಮೋಡ ಬೇರೆ.”

ತೇಜಪ್ಪ ತಲೆ ತಗ್ಗಿಸಿದ. ಅವನಿಗೆ ಇದು ಮೊದಲ ವಾರವೇ ಗೊತ್ತಾಗಿತ್ತು. ಎ ಎಂಬುದು ಶ್ರಾವ್ಯಾ ಕೊನೆಗೆ ಮುಟ್ಟಿದ ಸೆಲ್ಲು. ಅದನ್ನು ಎತ್ತಲು ಗುಲಾಬಿಗೆ ಕೈ ಬರುತ್ತಿಲ್ಲ, ಎಲ್ಲೋ ಕಪಾಟಿನಲ್ಲಿ ಇಟ್ಟಿದ್ದಾಳೆ ಎಂದುಕೊಂಡಿದ್ದ. ಕೇಳಬೇಕೆಂದರೆ ಮಗಳ ಹೆಸರು ಎತ್ತಬೇಕಾಗಿತ್ತು. ಕೇಳಿರಲಿಲ್ಲ.

“ಅದು ಗೊತ್ತಿತ್ತ್,” ಎಂದ.

“ಇದು ಗೊತ್ತಿಲ್ಲ ಕಾಣ್ತದೆ.” ಪ್ರೆಸಿಲ್ಲಾ ಇನ್ನೊಂದು ಪುಟ ತೆರೆದಳು. ಅದು ಮನೆಯ ಚಾರ್ಜರು ಕಳಿಸಿದ ಓಲೆ. ಎ ಸೆಲ್ಲಿನ ಗೆರೆ ಪರದೆಯ ಮೇಲಂಚಿಗೆ ಅಂಟಿಕೊಂಡು ನೇರವಾಗಿ ಹೋಗಿತ್ತು. ನೂರು, ನೂರು, ನೂರು. “ಹತ್ತು ತಿಂಗಳಲ್ಲಿ ಒಂದು ದಿನ ಸಹ ತೊಂಬತ್ತೊಂಬತ್ತಕ್ಕೆ ಇಳೀಲಿಲ್ಲ ಅಣ್ಣ. ಇಳಿಯುವ ಮೊದಲೇ ಯಾರೋ ತುಂಬಿಸ್ತಾರೆ. ಪಕ್ಕದಲ್ಲಿ ಎಂಥದ್ದೋ ಬಿಸಿಯೂ ಉಂಟು, ಮೂವತ್ತೊಂಬತ್ತು, ನಲವತ್ತು. ತುಂಬಿದ ಸೆಲ್ ಅಂಥ ಬಿಸಿಯಲ್ಲಿ ಸುಮ್ಮನೆ ಕೂತ್ರೆ ಏನಾಗ್ತದೆ ಅಂತ ನಾನು ನಿಮಗೆ ಹೇಳಬೇಕಾ?”

ಹೇಳಬೇಕಾಗಿರಲಿಲ್ಲ. ಸೆಲ್ಲು ಓಡಿ ಸವೆಯುವುದಕ್ಕಿಂತ ಹೆಚ್ಚಾಗಿ ಹೊಟ್ಟೆ ತುಂಬಿ ಬಿಸಿಯಲ್ಲಿ ಕೂತು ಸವೆಯುತ್ತದೆ. ಒಳಗಿನ ದ್ರವ ಮೆಲ್ಲಗೆ ಕೆಟ್ಟು ಗಾಳಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಇದನ್ನೇ ಅವನು ಕುದ್ರಿನ ಮನೆಮನೆಗೆ ಹೋಗಿ ಕಲಿಸಿದ್ದ: ಒಲೆಯ ಹತ್ತಿರ ಇಡಬೇಡಿ, ತುಂಬಿದ ಮೇಲೆ ವಾಯರು ತೆಗೆಯಿರಿ.

“ನಾನು ನಾಳೆ ಸಂಜೆಯವರೆಗೆ ಕಾಗದಕ್ಕೆ ಸಹಿ ಹಾಕುದಿಲ್ಲ,” ಎಂದಳು ಪ್ರೆಸಿಲ್ಲಾ. “ಎ ಸೆಲ್ಲನ್ನು ಒಮ್ಮೆ ಹತ್ತರವರೆಗೆ ಇಳಿಸಿ ನೋಡಿ. ಹೊಸತರಲ್ಲಿ ಹಿಡಿದ ನೂರರಲ್ಲಿ ಅರವತ್ತಕ್ಕಿಂತ ಹೆಚ್ಚು ಈಗ್ಲೂ ಹಿಡಿತದೆ ಅಂತಾದ್ರೆ ಜೋಡಿ ಉಂಟು ಅಂತ ಬರೀತೇನೆ, ಗೂಡು ಉಳೀತದೆ. ಇಲ್ಲಾಂದ್ರೆ ನಂಗೆ ಬೇರೆ ದಾರಿ ಇಲ್ಲ.” ಪರದೆ ತಿರುಗಿಸಿಟ್ಟು ಹೇಳಿದಳು, “ಶ್ರಾವ್ಯಾ ದಿನಾ ಒಂಬತ್ತು ಗಂಟೆಗೆ ಗೆರೆ ಹೇಳ್ಲಿಕ್ಕೆ ಫೋನ್ ಮಾಡ್ತಿದ್ಳು. ನಾವು ಒಬ್ಬರಿಗೊಬ್ಬರು ಮುಖ ನೋಡಿದ್ದಿಲ್ಲ. ಸ್ವರ ಮಾತ್ರ ಗೊತ್ತು.”

ತೇಜಪ್ಪನಿಗೆ ಚಾ ಕುಡಿಯಲಾಗಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದು ಹಾಗೇ ಇಟ್ಟು ಎದ್ದ.

ಮನೆಗೆ ಬಂದಾಗ ಮಧ್ಯಾಹ್ನ. ಗುಲಾಬಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತೇಜಪ್ಪ ಕಪಾಟು ನೋಡಿದ, ಮಗಳ ಮಂಚದ ಕೆಳಗೆ ನೋಡಿದ. ಆಮೇಲೆ ಬಾವಿಕಟ್ಟೆಗೆ ಹೋಗಿ ಕಾಲು ತೊಳೆದು ಬಂದು ದೇವರಕೋಣೆಯ ಬಾಗಿಲಲ್ಲಿ ನಿಂತ. ಹತ್ತು ತಿಂಗಳಿಂದ ನೋಡದ ಬಾಗಿಲು. ತಲೆ ಬಗ್ಗಿಸಿ ಒಳಗೆ ಕಾಲಿಟ್ಟ.

ದೇವರ ಪಟದ ಕೆಳಗೆ ನಂದಾದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಒಂದು ಮಣೆ, ಮಣೆಯ ಮೇಲೆ ರೇಷ್ಮೆಯ ವಸ್ತ್ರ ಹೊದಿಸಿದ ಸೆಲ್ಲು. ನೆತ್ತಿಯ ಮೇಲೊಂದು ದಾಸವಾಳದ ಹೂವು. ವಸ್ತ್ರದಡಿಯಿಂದ ವಾಯರೊಂದು ಗೋಡೆಯ ಚಾರ್ಜರಿಗೆ ಹೋಗಿತ್ತು. ಪೂರ್ತಿ ತುಂಬಿದೆಯೆಂದು ಹೇಳುವ ಹಸಿರು ದೀಪ ದೇವರ ದೀಪಕ್ಕೆ ಜೊತೆಯಾಗಿ ಮಿಣುಕುತ್ತಿತ್ತು.

ತೇಜಪ್ಪ ನೆಲದ ಮೇಲೆ ಕೂತುಬಿಟ್ಟ. ವಸ್ತ್ರ ಸರಿಸಿ ಸೆಲ್ಲಿನ ಮೈ ಮುಟ್ಟಿದ. ಬಿಸಿಯಾಗಿತ್ತು. ಎರಡು ಬದಿಯೂ ಒಂದು ನೂಲಿನಷ್ಟು ಉಬ್ಬಿತ್ತು.

ಹಿಂದೆ ಬಳೆಯ ಸದ್ದಾಯಿತು. ಗುಲಾಬಿ ಬಾಗಿಲಲ್ಲಿ ನಿಂತಿದ್ದಳು.

“ಇದ್ ಯಾವತ್ತಿಂದ ಇಲ್ಲಿತ್ತ್?” ಎಂದು ಅವನು ಕೇಳಿದ.

“ನೀವ್ ಈ ಒಳಗೆ ಬಪ್ಪುದ್ ಬಿಟ್ಟಾಗ್ಳಿಂದ.”

ಅವಳು ಬಂದು ಅವನ ಪಕ್ಕ ಕೂತಳು. ದೀಪ ನೋಡುತ್ತ ಹೇಳಿದಳು. “ಶ್ರಾವ್ಯಾ ಕಡೇಗ್ ತುಂಬ್ಸಿದ್ದ್ ಇದನ್ನೇ. ಜ್ವರ ಬಂದ್ ದಿನ ಮಧ್ಯಾಹ್ನ. ‘ನೂರಾಯ್ತಮ್ಮಾ, ನಾಳೆ ಬೆಳಿಗ್ಗೆ ನಾನೇ ಒಯ್ತೆ’ ಅಂದ್ಲ್. ಬೆಳಿಗ್ಗೆ ಅವಳನ್ನೇ ಎತ್ಕಂಡ್ ದೋಣಿಗ್ ಹೋಯ್ಕಾಯ್ತಲ್ಲ.”

ಹತ್ತು ತಿಂಗಳಲ್ಲಿ ಆ ಹೆಸರು ಆ ಮನೆಯಲ್ಲಿ ಮೊದಲ ಸಲ ಕೇಳಿದ್ದು. ತೇಜಪ್ಪನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

“ಅವಳ್ ತುಂಬ್ಸಿದ್ದ್ ಇದ್ರೊಳಗಿತ್ತ್,” ಎಂದಳು ಗುಲಾಬಿ. “ಚೂರ್ ಇಳಿದ್ರೂ ಅವಳ್ದೇ ಇಳಿದ್ ಹಾಂಗಾತ್ತ್ ಅಂದೇಳಿ ನಾನ್ ಇಳಿಯೂಕ್ ಬಿಡ್ಲಿಲ್ಲ. ದೀಪಕ್ಕೆ ಎಣ್ಣಿ ಹೊಯ್ವಾಗ ಇದ್ಕೂ ವಾಯರ್ ಹಾಕ್ತೆ. ಎರಡೂ ನಂದೂಕಾಗ.”

ತೇಜಪ್ಪ ಅವಳ ಕೈ ಹಿಡಿದು ಸೆಲ್ಲಿನ ಉಬ್ಬಿದ ಬದಿಯ ಮೇಲೆ ಇಟ್ಟ. “ಇಲ್ಲಿ ಕಾಣ್. ಉಬ್ಬಿತ್ತಲ್ಲ. ಎಣ್ಣಿ ದೀಪದ್ ಹಾಂಗಲ್ಲ ಗುಲಾಬಿ ಇದ್. ಯಾವಾಗ್ಲೂ ತುಂಬಿಯೇ ಇದ್ರೆ, ಬಿಸಿಯಂಗ್ ಕೂತ್ರೆ, ಒಳಗೊಳಗೇ ಸವೀತ್ತ್. ಇದ್ ದೋಣಿಗ್ ಹೋಯ್ಕ್, ಇದ್ದದ್ದ್ ಕೊಡ್ಕ್, ಬರಿದಾಯಿ ಮನಿಗ್ ಬರ್ಕ್. ಹಾಂಗಾರೆ ಮಾತ್ರ ಬದುಕ್ತ್.”

ಗುಲಾಬಿ ಕೈ ಹಿಂದಕ್ಕೆ ತೆಗೆದುಕೊಂಡಳು. “ನಾನೇ ಹಾಳ್ ಮಾಡ್ದೆ ಅಂತ್ರ್ಯಾ?”

“ನಾನ್ ಈ ಒಳಗ್ ಬಂದಿದ್ರೆ ಮೊದಲ್ನೇ ದಿನವೇ ಹೇಳ್ತಿದ್ದೆ. ಊರಿಗೆಲ್ಲ ಹೇಳ್ದೆ. ನಾನ್ ಇಲ್ಲಿಗ್ ಬರ್ಲಿಲ್ಲ. ತಪ್ಪ್ ನಿಂದೊಬ್ಬಳದ್ದಲ್ಲ.”

ಆಮೇಲೆ ಅವನು ಗೂಡಿನ ಸಂಗತಿ ಹೇಳಿದ. ದೋಣಿ ಮೂರು ಸಲ ನಿಂತದ್ದು, ಪ್ರೆಸಿಲ್ಲಾ ಹೇಳಿದ್ದು ಎಲ್ಲ. ಗೂಡು ಉಳಿಯಬೇಕಾದರೆ ಈ ಸೆಲ್ಲನ್ನು ಒಮ್ಮೆ ಇಳಿಸಿ ನೋಡಬೇಕು.

“ಬ್ಯಾಡ,” ಎಂದಳು ಗುಲಾಬಿ. “ಗೂಡು ಮುಚ್ಚಿ. ಇದನ್ನ್ ಇಳ್ಸೂದ್ ಬ್ಯಾಡ.”

“ಇಳಿಸ್ದೆ ಇದ್ರೆ ಇದೂ ಉಳಿಯುದಿಲ್ಲ.”

“ಇಳಿಸಿದ್ರೆ ಅವಳ್ದ್ ಎಲ್ಲಿಗ್ ಹೋತ್ತ್? ಅದನ್ನ್ ಹೇಳಿ ಕಾಂಬ.”

ದಡದಲ್ಲಿಟ್ಟು ಇಳಿಸಿದರೆ ತಂತಿಯ ಸುರುಳಿ ಕಾದು ಎಲ್ಲವೂ ಬರಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಅವನು ಅದನ್ನು ಹೇಳಲಿಲ್ಲ. ಸ್ವಲ್ಪ ಯೋಚಿಸಿ ಅಂದ, “ದೋಣಿಗೆ ಹಾಕುವ. ಎಲ್ಲಕ್ಕಿಂತ ತುಂಬಿದ್ದ್ ಇದೇ ಅಲ್ದಾ? ಮೊದಲ್ ಉಳಿದ್ ಮೂವತ್ತೊಂದ್ ಮನಿ ಸೆಲ್ಲಿಗೂ ಇದ್ರಿಂದ ಚೂರ್ ಚೂರ್ ಹೋತ್ತ್. ಮತ್ತೆ ಎಲ್ಲ ಸೇರಿ ದೋಣಿ ದಾಟ್‌ಸ್ತ್ವ್.”

ಗುಲಾಬಿ ಎದ್ದು ಅಡುಗೆಮನೆಗೆ ಹೋದಳು.

ಮೂರು ಗಂಟೆಯ ಹೊತ್ತಿಗೆ ಬೇಬಕ್ಕ ಬಂದಳು. ಸೆರಗಿನಡಿಯಲ್ಲಿ ಮುಚ್ಚಿದ ಪಾತ್ರೆ, ಅದರಲ್ಲಿ ಹೊಳೆಯ ಚಿಪ್ಪುಮೀನಿನ ಪಲ್ಯ. “ಮರ್ವಾಯಿ ಸುಕ್ಕ. ಗುಲಾಬಕ್ಕನಿಗೆ. ನಿಮಗಲ್ಲ,” ಎಂದು ಜಗುಲಿಯಲ್ಲಿ ಕೂತಿದ್ದ ತೇಜಪ್ಪನಿಗೆ ಹೇಳಿ ಕಂಬಕ್ಕೆ ಒರಗಿ ಕೂತಳು. “ನಿನ್ನೆ ನಾನ್ ಹಾಂಗ್ ಹೇಳೂಕಾಗ್ದಿತ್ತ್. ನಾಲಿಗಿ ನನ್ ಮಾತ್ ಕೇಂಬುದಿಲ್ಲ.”

“ಹೇಳ್ಕಾದ್ದೇ ಹೇಳಿದ್ದೆ ನೀನ್,” ಎಂದ ತೇಜಪ್ಪ.

“ಪೂರ್ತಿ ಹೇಳ್ಲಿಲ್ಲ, ಅದೇ ತಪ್ಪಾದ್ದ್.” ಅವಳು ದನಿ ಸ್ವಲ್ಪ ಏರಿಸಿದಳು, ಒಳಗೆ ಕೇಳಲೆಂದೇ. “ನಮ್ ಮನಿ ಸೆಲ್ಲ್ ಹತ್ತ್ ತಿಂಗ್ಳಿಂದ ಸಂಜಿಗೆ ಎರಡ್ ಗೆರಿ ಕಮ್ಮಿ ಬತ್ತಾ ಇತ್ತ್. ಭೋಜನ ಮನಿದೂ ಹಾಂಗೇ. ಎಲ್ಲರ್ ಮನಿದೂ ಹಾಂಗೇ. ನಿಮ್ಮನಿಗ್ ಹೋತ್ತ್ ಅಂದೇಳಿ ನಮಗೆಲ್ಲ ಗೊತ್ತಿತ್ತ್. ಗೆರಿ ಓದೂಕ್ ನೀವೇ ಕಲ್ಸಿದ್ರಲ್ಲ. ಯಾರಾರೂ ಒಂದ್ ಮಾತ್ ಆಡಿದ್ರಾ?”

ತೇಜಪ್ಪನಿಗೆ ತಿಳಿದಿರಲಿಲ್ಲ. ಸಮಪೆಟ್ಟಿಗೆ ಕೊಡುತ್ತಿದೆ ಎಂಬುದು ಗೊತ್ತಿತ್ತು. ಊರು ಗೊತ್ತಿದ್ದೂ ಕೊಡುತ್ತಿದೆ ಎಂಬುದು ಗೊತ್ತಿರಲಿಲ್ಲ.

“ಸೂತಕದ್ ಮನೇಲಿ ಒಲಿ ಹಚ್ಚೂದಿಲ್ಲ ಅಂದೇಳಿ ಹನ್ನೊಂದ್ ದಿನ ಗಂಜಿ ತಂದ್ ಕೊಟ್ಟಿದ್ವ್ ನಾವ್,” ಎಂದಳು ಬೇಬಕ್ಕ. “ಸೆಲ್ಲಿಗೂ ಹನ್ನೊಂದೇ ದಿನ ಅಂದೇಳಿ ಯಾರ್ ಮಾಡಿರ್? ಭೋಜ ಹೇಳ್ದ, ಆ ಮನೇಲಿ ಇನ್ನೂ ಒಲಿ ಹಚ್ಲಿಲ್ಲ ಬೇಬಕ್ಕ, ಹೋಯ್ಲಿ ಬಿಡ್ ಅಂತ. ಹೋಯ್ಲಿ ಅಂದ್ವ್.”

ಒಳಗಿನ ಬಾಗಿಲಲ್ಲಿ ಗುಲಾಬಿ ನಿಂತಿದ್ದಳು. ಎಷ್ಟು ಹೊತ್ತಿಂದಲೋ.

“ಎಲ್ಲರದ್ದೂವಾ?” ಎಂದು ಮೆಲ್ಲಗೆ ಕೇಳಿದಳು.

“ಎಲ್ಲರದ್ದೂ. ಆ ತುದಿ ಮನಿ ಅಜ್ಜಿದ್ ಬ್ಯಾರೆ, ಅದ್ರ ಸೆಲ್ಲೇ ಮುದಿ ಆಯಿತ್ತ್. ಅದೂ ಕೊಡ್ತಾ ಇತ್ತ್ ಕಾಣಿ.” ಬೇಬಕ್ಕ ನಕ್ಕಳು. ಗುಲಾಬಿಯ ತುಟಿಯೂ ಒಂದಿಷ್ಟು ಅಲುಗಿತು.

ಬೇಬಕ್ಕ ಹೋದ ಮೇಲೆ ಗುಲಾಬಿ ಜಗುಲಿಯ ಅಂಚಿನಲ್ಲೇ ಕೂತಿದ್ದಳು. ಹೊಳೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಕೊನೆಗೆ ಹೇಳಿದಳು, “ಹಾಂಗಾರೆ ನಮ್ ಮನಿದೂ ಹೋಯ್ಕ್. ನಾಳೆ ನಾನೇ ತಕಂಡ್ ಬತ್ತೆ.”

ತೇಜಪ್ಪ ಒಳಗೆ ಹೋಗಿ ವಾಯರು ತೆಗೆದ. ಉಬ್ಬಿದ ಬದಿಗಳಿಗೆ ಎರಡು ಉಕ್ಕಿನ ಹಾಳೆ ಒತ್ತಿ ಪಟ್ಟಿ ಬಿಗಿದ. ಎಲ್ಲಾದರೂ ಜಿನುಗಿದೆಯೇ ಎಂದು ಮೂಸಿ, ತಡವಿ, ಅಳೆದು ನೋಡಿದ. ಇರಲಿಲ್ಲ. ಪ್ರೆಸಿಲ್ಲಾಳಿಗೆ ಫೋನ್ ಮಾಡಿದಾಗ ಅವಳು ಹೇಳಿದಳು, “ದೋಣಿಯಲ್ಲೇ ಪರೀಕ್ಷೆ ಅಂದ್ರೆ ಆಗ್ತದೆ ಅಣ್ಣ. ಆದ್ರೆ ಮೆಲ್ಲ ಓಡಿಸ್ಲಿಕ್ಕೆ ಹೇಳಿ. ಬಿಸಿ ನಲವತ್ತೈದು ದಾಟಿದ್ರೆ ನಾನು ಇಲ್ಲಿಂದ್ಲೇ ಅದನ್ನು ಬಿಡಿಸ್ತೇನೆ. ಬೇರೆಯವು ಎಷ್ಟು ಕೊಟ್ಟವು ಅಂತ ಕಳೆದೇ ಅದರದ್ದು ಬರೆಯೋದು. ಅದ್ರಲ್ಲಿ ದಾಕ್ಷಿಣ್ಯ ಇಲ್ಲ.”

“ದಾಕ್ಷಿಣ್ಯ ಬ್ಯಾಡ,” ಎಂದ ತೇಜಪ್ಪ.

ಮರುದಿನ ಬೆಳಕು ಹರಿಯುವಾಗ ಗುಲಾಬಿ ಸೆಲ್ಲನ್ನು ಸೊಂಟದ ಮೇಲಿಟ್ಟುಕೊಂಡು ದಕ್ಕೆಗೆ ಬಂದಳು. ಹೂವು ತೆಗೆದಿದ್ದಳು, ವಸ್ತ್ರ ಹೊದಿಸಿಯೇ ಇದ್ದಳು. ಗೂಡಿನ ಮುಂದೆ ಬಗ್ಗಿ ವಸ್ತ್ರ ಮಡಿಸಿ ಸೆರಗಿಗೆ ಕಟ್ಟಿಕೊಂಡು, ಸೆಲ್ಲನ್ನು ಒಳಗೆ ಕೂರಿಸಿದಳು. ಕೊಂಡಿ ಕೂರುವ ಸದ್ದಾಯಿತು. ಅವಳು ದಡಕ್ಕೆ ಹೋಗಲಿಲ್ಲ. ದೋಣಿಯಲ್ಲೇ ಚುಕ್ಕಾಣಿಯ ಹತ್ತಿರ ಕೂತಳು.

“ಗುಲಾಬಕ್ಕ, ಇವತ್ತ್ ಪೇಟಿಗಾ?” ಎಂದ ಭೋಜ.

“ಇಲ್ಲ. ಹೋಪುದ್, ಬಪ್ಪುದ್. ಜಾಗ ಇಲ್ದಿದ್ರೆ ಹೇಳ್, ಇಳೀತೆ.”

“ಜಾಗಕ್ಕೆ ಎಂತಾ ಬರ. ಬೇಬಕ್ಕನ್ ಬುಟ್ಟಿ ಒಂಚೂರ್ ಅತ್ಲಾಗ್ ದೂಡಿ,” ಎಂದು ಅವನು ಯಂತ್ರದ ಹಿಡಿ ಮೆಲ್ಲಗೆ ಒತ್ತಿದ.

ದೋಣಿ ಸದ್ದಿಲ್ಲದೆ ದಡ ಬಿಟ್ಟಿತು. ತೇಜಪ್ಪ ಪರದೆ ನೋಡುತ್ತಿದ್ದ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹದಿನೇಳನೆಯ ಗೂಡಿನಿಂದ ಒಂದು ಹಸಿರು ಗೆರೆ ಹೊರಟು ಮೂರನೆಯದಕ್ಕೆ ಹೋಯಿತು. ಇನ್ನೊಂದು ಹೊರಟು ಒಂಬತ್ತಕ್ಕೆ. ಮತ್ತೆ ಇಪ್ಪತ್ತೆಂಟಕ್ಕೆ, ತುದಿ ಮನೆಯ ಅಜ್ಜಿಯ ಗೂಡಿಗೆ. ಹೊಳೆಯ ನಡು ತಲುಪುವಷ್ಟರಲ್ಲಿ ಹದಿನೇಳರಿಂದ ಎಲ್ಲ ಕಡೆಗೂ ಹಸಿರು ಗೆರೆಗಳು ಹಬ್ಬಿದ್ದವು.

“ಇದೆಂತ ಹಸಿರ್?” ಎಂದಳು ಗುಲಾಬಿ.

“ಕೊಡ್ತಾ ಇತ್ತ್,” ಎಂದ ತೇಜಪ್ಪ. “ಎಲ್ಲರಿಗೂ.”

ಬೇಬಕ್ಕ ಕತ್ತು ಚಾಚಿ ನೋಡಿದಳು. ತನ್ನ ಮನೆಯ ಗೂಡಿಗೂ ಒಂದು ಗೆರೆ ಬಂದಿತ್ತು. ಗುಲಾಬಿಯ ಮೊಣಕಾಲ ಮೇಲೆ ಕೈಯಿಟ್ಟಳು.

ಆ ಹಸಿರು ಬಹಳ ಹೊತ್ತು ಉಳಿಯಲಿಲ್ಲ. ಹದಿನೇಳರದು ಸವೆದ ಸೆಲ್ಲು, ನಾಲ್ಕನೆಯ ದಾಟಿಗೆ ಉಳಿದವುಗಳ ಜೊತೆ ಸಮವಾಯಿತು. ಮಧ್ಯಾಹ್ನದ ನಂತರ ಕೆಂಪಾಗಿ ತೆಗೆದುಕೊಳ್ಳತೊಡಗಿತು. ಬಿಸಿ ನಲವತ್ತೊಂದಕ್ಕೆ ಏರಿತು, ನಲವತ್ತಮೂರಕ್ಕೆ ಏರಿತು. ತೇಜಪ್ಪ ಒದ್ದೆ ಬಟ್ಟೆ ಹಿಂಡಿ ಗೂಡಿನ ಮುಚ್ಚಳದ ಮೇಲೆ ಹಾಕಿದ, ಜ್ವರದ ಹಣೆಗೆ ಹಾಕುವ ಹಾಗೆ. ಹಿಂದೆಯೂ ಇದೇ ದೋಣಿಯಲ್ಲಿ, ಇದೇ ಕೈಯಿಂದ ಅವನು ಹಾಗೆ ಬಟ್ಟೆ ಹಾಕಿದ್ದ. ಗುಲಾಬಿ ಎದ್ದು ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಬಿಸಿ ನಲವತ್ತಮೂರರಲ್ಲೇ ನಿಂತಿತು. ಆಮೇಲೆ ಇಳಿಯಿತು.

ದೀಪ ಹಚ್ಚುವ ಹೊತ್ತಿಗೆ ಕೊನೆಯ ದಾಟು ಮುಗಿಸಿ ದೋಣಿ ದಕ್ಕೆಗೆ ತಾಗಿತು. ಒಮ್ಮೆಯೂ ನಿಂತಿರಲಿಲ್ಲ. ಫೋನ್ ಸದ್ದಾಯಿತು.

“ಅರವತ್ತಮೂರು,” ಎಂದಳು ಪ್ರೆಸಿಲ್ಲಾ. “ಎಲ್ಲ ಕಳೆದು. ಮೂರು ಸಲ ನೋಡಿದೆ. ಗೂಡು ಉಳೀತು ಅಣ್ಣ. ಎರಡು ವರ್ಷ ಓಡೀತು, ನೆರಳಲ್ಲಿ ಇಟ್ಕೊಂಡ್ರೆ. ನಾಳೆ ಒಂಬತ್ತು ಗಂಟೆಗೆ ಯಾರಾದ್ರೂ ಫೋನ್ ಮಾಡಿ ಗೆರೆ ಹೇಳಿ. ಗುಲಾಬಕ್ಕ ಆದ್ರೂ ಆಗ್ತದೆ. ಅಭ್ಯಾಸ ತಪ್ಪಿ ಹೋಗಿತ್ತು ನಂಗೆ.”

ಮನೆಯವರೆಲ್ಲ ತಮ್ಮ ತಮ್ಮ ಸೆಲ್ಲು ತೆಗೆದುಕೊಂಡು ಹೋದರು. ಗುಲಾಬಿ ಹದಿನೇಳನೆಯ ಗೂಡಿನ ಮುಚ್ಚಳ ತೆಗೆದಳು. ಸೆಲ್ಲಿನ ತಲೆಯ ಮೇಲೆ ಹಸಿರು ದೀಪವಿರಲಿಲ್ಲ.

“ಪೂರ್ತಿ ಬರಿದಾಯ್ತಾ?” ಎಂದು ಕೇಳಿದಳು.

“ಇಲ್ಲ. ಹತ್ತ್ ಪಾಲ್ ಉಳ್ದಿತ್ತ್. ಅದನ್ನ್ ಯಾರೂ ಮುಟ್ಟೂ ಹಾಂಗಿಲ್ಲ. ಯಾವಾಗ್ಲೂ ಉಳೀಕ್ ಅದ್.”

ಗುಲಾಬಿ ಸೆಲ್ಲನ್ನು ಎತ್ತಿ ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡಳು.

“ಹಾಂಗಾರೆ ಆ ಹತ್ತ್ ಅವಳ್ದ್,” ಎಂದಳು. “ಮೇಲಿಂದ್ ನಾನ್ ತುಂಬ್ಸ್ತೆ.”

ಸೆಲ್ಲಿನೊಳಗೆ ಮೇಲಿನದು ಕೆಳಗಿನದು ಎಂಬುದಿಲ್ಲ, ಹಳೆಯದು ಹೊಸತು ಎಂಬುದಿಲ್ಲ ಎಂದು ತೇಜಪ್ಪನಿಗೆ ಗೊತ್ತಿತ್ತು. ನಲವತ್ತು ವರ್ಷ ಅದೇ ಕೆಲಸ ಮಾಡಿದವನು. “ಹೌದ್,” ಎಂದ.

ಇಬ್ಬರೂ ಮನೆಗೆ ನಡೆದರು. ಗುಲಾಬಿ ಸೆಲ್ಲನ್ನು ಜಗುಲಿಯ ತಂಪು ಮೂಲೆಯಲ್ಲಿ, ನಾಳೆಯ ಬಿಸಿಲಿನ ವಾಯರಿನ ಪಕ್ಕ ಇಟ್ಟಳು. ತೇಜಪ್ಪ ಬಾವಿಕಟ್ಟೆಯಲ್ಲಿ ಕಾಲು ತೊಳೆದ. ದೇವರಕೋಣೆಯಲ್ಲಿ ದೀಪ ಸಣ್ಣಗಾಗಿತ್ತು. ಬೆಳಗಿನಿಂದ ಎಣ್ಣೆ ಹೊಯ್ಯಲು ಯಾರೂ ಮನೆಯಲ್ಲಿರಲಿಲ್ಲ. ಅವನು ಒಳಗೆ ಹೋಗಿ, ಬರಿದಾದ ಮಣೆಯನ್ನು ಪಕ್ಕಕ್ಕೆ ಸರಿಸಿ ಕೂತು, ಬತ್ತಿ ಚೂರು ಮೇಲೆತ್ತಿ ಎಣ್ಣೆ ಹೊಯ್ದ. ಏನು ಬೇಡಬೇಕೆಂದು ಇನ್ನೂ ತಿಳಿದಿರಲಿಲ್ಲ. ಬೇಡದೆಯೇ ಕೈ ಮುಗಿದ.

“ಹ್ವಾಯ್,” ಎಂದು ಗುಲಾಬಿ ಅಡುಗೆಮನೆಯಿಂದ ಕರೆದಳು, “ಒಲಿ ಹಚ್ಚಿದೆ. ಬನ್ನಿ. ಬೇಬಕ್ಕ ನಿಮಗಲ್ಲ ಅಂದ್ರೂ ಸುಕ್ಕ ಒಂಚೂರ್ ಇಟ್ಟಿದ್ದೆ.”